ಹಳೆಯ ಚಿತ್ರಕ್ಕೆ ಹೊಸ ಹೊಳಪು: ಪೂರ್ಣ ಬೆಲೆ ಸಲ್ಲುವುದೇ?

1965ರಲ್ಲಿ ತೆರೆಗೆ ಬಂದ ‘ಸತ್ಯ ಹರಿಶ್ಚಂದ್ರ’ ಕಪ್ಪು-ಬಿಳುಪಿನ ಚಿತ್ರ. ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿ, ರಾಜ್‌ಕುಮಾರ್ ಅವರು ಹರಿಶ್ಚಂದ್ರನಾಗಿ ನಟಿಸಿದ ಈ ಚಿತ್ರ ನಲವತ್ತಮೂರು ವರ್ಷಗಳ ತರುವಾಯ, 2008ರಲ್ಲಿ, ಬಣ್ಣವನ್ನು ತೊಟ್ಟುಕೊಂಡು ಮತ್ತೊಮ್ಮೆ ಚಿತ್ರಮಂದಿರಗಳಿಗೆ ಬಂದಿತು. 1971ರ ‘ಕಸ್ತೂರಿ ನಿವಾಸ’ವೂ 2014ರ ನವೆಂಬರಿನಲ್ಲಿ ಇದೇ ರೀತಿಯಾಗಿ ವರ್ಣಮಯವಾಗಿ ಮರಳಿತು. ಹಿಂದಿಯ ‘ಮುಘಲ್-ಎ-ಆಜಂ’ 2004ರಲ್ಲಿಯೂ ತೆಲುಗಿನ ‘ಮಾಯಾಬಜಾರ್’ 2010ರಲ್ಲಿಯೂ ಈ ಹಾದಿಯನ್ನು ಹಿಡಿದಿದ್ದವು.

ಸಿನಿಮಾದಲ್ಲಿ ಅಪರೂಪವಾದ ಈ ಪದ್ಧತಿ ವಿಡಿಯೋ ಆಟಗಳ ಪ್ರಪಂಚದಲ್ಲಿ ನಿತ್ಯದ ವ್ಯಾಪಾರವಾಗಿದೆ. ಹತ್ತು ಹದಿನೈದು ವರ್ಷಗಳ ಹಿಂದೆ ಜನಪ್ರಿಯವಾಗಿದ್ದ ಆಟಕ್ಕೆ ಒಂದಿಷ್ಟು ಹೊಳಪು ಕೊಟ್ಟು, ಹೊಸ ಯಂತ್ರಗಳಿಗೆ ಹೊಂದಿಸಿ, ಹೊಸ ಆಟದ ಬೆಲೆಗೇ ಮಾರುವುದುಂಟು. ಆ ಬೆಲೆಯಾದರೂ ಎಷ್ಟು? ಭಾರತದಲ್ಲಿ ನಾಲ್ಕೈದು ಸಾವಿರ ರೂಪಾಯಿ! ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಗಳಿಂದ ಕಾಲೇಜಿಗೆ ಬರುವ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಅದು ತಿಂಗಳುಗಟ್ಟಲೆ ಕೂಡಿಟ್ಟ ಹಣ. ‘ಹಳೆಯದಕ್ಕೆ ಹೊಸದರ ಬೆಲೆಯನ್ನು ಕೊಡುವುದು ನ್ಯಾಯವೇ?’ ಎಂದು ಅವರು ಕೇಳಿದರೆ ಅದನ್ನು ಹುಡುಗಾಟದ ಪ್ರಶ್ನೆಯೆಂದು ತಳ್ಳಿಹಾಕಲಾಗದು. ಮೇಲುನೋಟಕ್ಕೆ ಇದು ವರ್ತಕರ ಪ್ರಶ್ನೆಯಂತೆ ತೋರಿದರೂ ಇದರ ಬೇರು ಭೌತವಿಜ್ಞಾನದಲ್ಲಿದೆಯೆಂದು ನಮ್ಮ ಅಭಿಪ್ರಾಯ. ಹೊಸ ಪ್ರತಿಯಲ್ಲಿ ಕಾಣುವ ಹೊಸತನ ಎಲ್ಲಿಂದ ಬಂದಿತು? ಮೂಲದಲ್ಲೇ ಅಡಗಿದ್ದುದನ್ನು ಹೊರತೆಗೆದರೇ, ಇಲ್ಲದ್ದನ್ನು ಊಹಿಸಿ ತುಂಬಿದರೇ, ಅಥವಾ ಹೊಸದಾಗಿಯೇ ನಿರ್ಮಿಸಿದರೇ? ಇದನ್ನು ತಿಳಿದವನಿಗೆ ಬೆಲೆಯ ವಿಚಾರವನ್ನು ತೀರ್ಮಾನಿಸುವುದು ಅಷ್ಟು ಕಷ್ಟವಲ್ಲ.

ಮೊದಲು ಬಣ್ಣದ ವಿಷಯವನ್ನೇ ತೆಗೆದುಕೊಳ್ಳೋಣ.

ನಮ್ಮ ಜಿಲ್ಲೆಯ ಕಾಫಿ ತೋಟಗಳ ನಡುವೆ ಚಿತ್ರಿತವಾದ ‘ಬೆಳ್ಳಿಮೋಡ’ (1967) ಕಪ್ಪು-ಬಿಳುಪಿನದು. ಹಸುರಿನಲ್ಲಿ ಅದ್ದಿ ತೆಗೆದಂತಿರುವ ಈ ನಾಡು ಆ ಚಿತ್ರದಲ್ಲಿ ಬೂದುಬಣ್ಣದ ನೂರಾರು ಛಾಯೆಗಳಾಗಿ ಮೂಡಿದೆ. ಇದು ಹೇಗೆ ಆಗುತ್ತದೆ? ಫಿಲ್ಮಿನ ಮೇಲಣ ಲೇಪದಲ್ಲಿರುವ ಬೆಳ್ಳಿಯ ಲವಣದ ಕಣಗಳು ತಮ್ಮ ಮೇಲೆ ಬಿದ್ದ ಬೆಳಕಿಗೆ ಅನುಸಾರವಾಗಿ ಮಾರ್ಪಡುತ್ತವೆ. ಹೆಚ್ಚು ಬೆಳಕು ಬಿದ್ದೆಡೆ ಹೆಚ್ಚು ಬೆಳ್ಳಿ, ಕಡಮೆ ಬಿದ್ದೆಡೆ ಕಡಮೆ. ಬಿದ್ದ ಬೆಳಕು ಕೆಂಪೇ, ಹಸುರೇ, ನೀಲಿಯೇ ಎಂಬ ಲೆಕ್ಕವನ್ನು ಆ ಕಣ ಇಟ್ಟುಕೊಳ್ಳುವುದಿಲ್ಲ. ಒಟ್ಟು ಮೊತ್ತವನ್ನು ಮಾತ್ರ ಬರೆದಿಡುತ್ತದೆ. ನಮ್ಮ ಕಣ್ಣಿನಲ್ಲಾದರೋ ಮೂರು ಬಗೆಯ ಶಂಕುಕೋಶಗಳಿದ್ದು ಅವು ಮೂರು ಬೇರೆ ಬೇರೆ ಲೆಕ್ಕಗಳನ್ನು ಮೆದುಳಿಗೆ ಒಪ್ಪಿಸುತ್ತವೆ. ಮೂರು ಸಂಖ್ಯೆಗಳಿದ್ದ ಕಡೆ ಕಪ್ಪು-ಬಿಳುಪಿನ ಫಿಲ್ಮಿನಲ್ಲಿ ಒಂದೇ ಸಂಖ್ಯೆ ಉಳಿಯುತ್ತದೆ.

ಇದರ ಪರಿಣಾಮವನ್ನು ಒಂದು ಕಾಫಿ ಗಿಡದ ಮುಂದೆ ನಿಂತು ನೋಡಬಹುದು. ಕೊಯ್ಲಿನ ಕಾಲದಲ್ಲಿ ಹಣ್ಣು ಕೆಂಪು, ಎಲೆ ಹಸುರು. ಗಣಕಯಂತ್ರದ ಪದ್ಧತಿಯಂತೆ ಪ್ರತಿಯೊಂದು ಬಣ್ಣವನ್ನು ಸೊನ್ನೆಯಿಂದ 255ರ ವರೆಗಿನ ಮೂರು ಅಂಕಗಳಿಂದ ಸೂಚಿಸುವುದಾದರೆ, ಹಣ್ಣಿನಲ್ಲಿ ಕೆಂಪು 200, ಹಸುರು 30, ನೀಲಿ 30 ಇರಲಿ; ಎಲೆಯಲ್ಲಿ ಕೆಂಪು 40, ಹಸುರು 110, ನೀಲಿ 40 ಇರಲಿ. ಬಣ್ಣದ ಚಿತ್ರವನ್ನು ಬೂದುಬಣ್ಣಕ್ಕೆ ಇಳಿಸುವಾಗ ದೂರದರ್ಶನದ ಎಂಜಿನಿಯರುಗಳು ಬಳಸುತ್ತಿದ್ದ ಸೂತ್ರವೊಂದುಂಟು: ಕೆಂಪಿನ ಅಂಕವನ್ನು 0.299ರಿಂದಲೂ ಹಸುರಿನದನ್ನು 0.587ರಿಂದಲೂ ನೀಲಿಯದನ್ನು 0.114ರಿಂದಲೂ ಗುಣಿಸಿ ಕೂಡಿಸಬೇಕು. ವಾಚಕರು ಕಾಗದ ತೆಗೆದುಕೊಂಡು ಲೆಕ್ಕ ಮಾಡಿ ನೋಡಲಿ. ಹಣ್ಣಿಗೂ 81, ಎಲೆಗೂ 81! ಆ ಚಿತ್ರವನ್ನು ಹಿಡಿದುಕೊಂಡು ಹಣ್ಣು ಬಿಡಿಸಲು ಹೋದವರ ಪಾಡನ್ನು ಹೇಳಬೇಕಾಗಿಲ್ಲ. ಹಳೆಯ ಫಿಲ್ಮುಗಳ ಗುಣಾಂಕಗಳು ಇದಕ್ಕಿಂತ ಬೇರೆಯಾಗಿದ್ದುವು ನಿಜ. ಆದರೆ ಗುಣಾಂಕ ಯಾವುದೇ ಇರಲಿ, ಮೂರು ಅಜ್ಞಾತಗಳಿಗೆ ಒಂದೇ ಸಮೀಕರಣ ಎಂಬ ಸ್ಥಿತಿ ತಪ್ಪುವುದಿಲ್ಲ. ಈ ಪದ್ಧತಿಯಲ್ಲಿ ಸಾಧ್ಯವಿರುವ ಬಣ್ಣಗಳ ಸಂಖ್ಯೆ 1,67,77,216. ಬೂದು ಛಾಯೆಗಳಾದರೋ 256 ಮಾತ್ರ. ಸರಾಸರಿಯಾಗಿ ಒಂದೊಂದು ಛಾಯೆಯ ಹಿಂದೆ 65,536 ಬಣ್ಣಗಳು ಸರದಿಯಲ್ಲಿ ನಿಂತಿವೆ. ಅವುಗಳಲ್ಲಿ ನಿಜವಾಗಿದ್ದುದು ಯಾವುದೆಂಬುದನ್ನು ಫಿಲ್ಮನ್ನು ಎಷ್ಟು ಪರೀಕ್ಷಿಸಿದರೂ ತಿಳಿಯಲಾಗದು. ಅದು ಮಸುಕಾಗಿಲ್ಲ, ಅಳಿಸಿಹೋಗಿಲ್ಲ, ಬರೆದೇ ಇಲ್ಲ.

ಹಾಗಾದರೆ ಬಣ್ಣ ತುಂಬುವವರು ಮಾಡುವುದೇನು? ಮೂಲದ ಛಾಯೆಯನ್ನು ಅಂದರೆ ಹೊಳಪನ್ನು ಹಾಗೆಯೇ ಇಟ್ಟುಕೊಂಡು, ಅದರ ಮೇಲೆ ಬಣ್ಣದ ತೆಳುಪದರವನ್ನು ಹೊದಿಸುತ್ತಾರೆ. ಒಂದು ದೃಶ್ಯದ ಕೆಲವು ಮುಖ್ಯ ಚೌಕಟ್ಟುಗಳಲ್ಲಿ ಇದು ಮುಖ, ಇದು ಸೀರೆ, ಇದು ಗೋಡೆ ಎಂದು ಕಲಾವಿದರು ಗೆರೆಯೆಳೆದು ಬಣ್ಣ ಗೊತ್ತುಮಾಡಿದರೆ, ನಡುವಣ ಚೌಕಟ್ಟುಗಳಲ್ಲಿ ಆ ಗೆರೆಗಳನ್ನು ಗಣಕಯಂತ್ರ ಹಿಂಬಾಲಿಸುತ್ತದೆ. ಸೆಕೆಂಡಿಗೆ 24 ಚೌಕಟ್ಟುಗಳಂತೆ ಎರಡೂವರೆ ಗಂಟೆಯ ಚಿತ್ರದಲ್ಲಿ ಅವುಗಳ ಸಂಖ್ಯೆ 2,16,000. ಕೆಲಸ ಸಣ್ಣದಲ್ಲ. ನಮ್ಮ ಕಣ್ಣು ಹೊಳಪಿನ ವ್ಯತ್ಯಾಸವನ್ನು ಸೂಕ್ಷ್ಮವಾಗಿ ಗುರುತಿಸುತ್ತದೆಯೇ ಹೊರತು ಬಣ್ಣದ ಅಂಚನ್ನು ಅಷ್ಟು ಸೂಕ್ಷ್ಮವಾಗಿ ಗುರುತಿಸುವುದಿಲ್ಲ. ಈ ದೌರ್ಬಲ್ಯವೇ ಬಣ್ಣ ತುಂಬುವವರಿಗೆ ದೊಡ್ಡ ಆಸರೆ. ಈಚಿನ ವರ್ಷಗಳಲ್ಲಿ ಲಕ್ಷಾಂತರ ಚಿತ್ರಗಳಿಂದ ಕಲಿತ ಗಣಕಕ್ರಮಗಳು ಎಲೆಗೆ ಹಸುರನ್ನೂ ಆಕಾಶಕ್ಕೆ ನೀಲಿಯನ್ನೂ ತಾವಾಗಿಯೇ ಹಚ್ಚುತ್ತವೆ. ಆದರೆ ನಾಯಕಿ ಅಂದು ಉಟ್ಟ ಸೀರೆ ನೇರಳೆಯೋ ಕುಂಕುಮವರ್ಣವೋ ಎಂಬುದನ್ನು ಅವೂ ಅರಿಯವು.

ಇಲ್ಲೊಂದು ವಿಚಿತ್ರವಿದೆ. ಸೀರೆಯ ನಿಜವಾದ ಬಣ್ಣ ತಿಳಿದುಬಂದರೂ ಸಮಸ್ಯೆ ಮುಗಿಯುವುದಿಲ್ಲ. ಕಪ್ಪು-ಬಿಳುಪಿನ ಕಾಲದಲ್ಲಿ ಉಡುಪನ್ನೂ ಗೋಡೆಯ ಬಣ್ಣವನ್ನೂ ಆರಿಸುತ್ತಿದ್ದುದು ಅವು ಕಣ್ಣಿಗೆ ಹೇಗಿವೆಯೆಂದಲ್ಲ, ಫಿಲ್ಮಿನಲ್ಲಿ ಯಾವ ಛಾಯೆಯಾಗಿ ಬೀಳುತ್ತವೆಯೆಂದು. ಛಾಯಾಗ್ರಾಹಕನು ಬೆಳಕು-ನೆರಳುಗಳಿಂದಲೇ ದೃಶ್ಯವನ್ನು ಕಟ್ಟುತ್ತಿದ್ದನು. ಹರಿಶ್ಚಂದ್ರನು ಸ್ಮಶಾನವನ್ನು ಕಾಯುವ ಇರುಳಿಗೆ ಬಣ್ಣವೆಂಬುದು ಬೇಕಾಗಿಯೇ ಇರಲಿಲ್ಲ. ಆದುದರಿಂದ ವರ್ಣಲೇಪಿತ ಪ್ರತಿಯನ್ನು ‘ಮೂಲದ ಬಣ್ಣವನ್ನು ಮರಳಿ ತಂದದ್ದು’ ಎನ್ನುವುದಕ್ಕಿಂತ, ಹಳೆಯ ಚಿತ್ರದ ಮೇಲೆ ಹೊಸ ಕಲಾವಿದರು ಮಾಡಿದ ಹೊಸ ಚಿತ್ರಣ ಎನ್ನುವುದು ಸರಿಯಾದೀತು. ಅದು ಚೆನ್ನಾಗಿರಬಹುದು, ಚೆನ್ನಾಗಿಲ್ಲದೆಯೂ ಇರಬಹುದು. ಹಳೆಯ ಚಿತ್ರದಲ್ಲಿ ಅದು ಇತ್ತೆಂದು ಹೇಳಿ ಹಣ ಕೇಳುವುದು ಮಾತ್ರ ಸಲ್ಲದು.

ಇದಕ್ಕೆ ತೀರ ವಿರುದ್ಧವಾದ ಇನ್ನೊಂದು ಬಗೆಯಿದೆ. ಅದಕ್ಕೆ ಕನ್ನಡದಲ್ಲಿಯೇ ಒಳ್ಳೆಯ ನಿದರ್ಶನ ದೊರಕುತ್ತದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಕಪ್ಪು-ಬಿಳುಪಿನ ಚಿತ್ರ. ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲವನ್ನು ಪಡೆದದ್ದು. ಇದನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಎಂಬ ಸಂಸ್ಥೆಗಳು, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವಿನ ಆಧಾರದ ಮೇಲೆ, ಇಟಲಿಯ ಬೊಲೋನ್ಯಾ ನಗರದ ಪ್ರಯೋಗಶಾಲೆಯೊಂದರಲ್ಲಿ ಜೀರ್ಣೋದ್ಧಾರ ಮಾಡಿಸಿದುವು. 2024ರ ವೆನಿಸ್ ಚಿತ್ರೋತ್ಸವದಲ್ಲಿ ಅದರ ಪ್ರದರ್ಶನವಾಯಿತು. ಬಣ್ಣ ಬಳಿಯಲಿಲ್ಲ, ಕಪ್ಪು-ಬಿಳುಪು ಕಪ್ಪು-ಬಿಳುಪಾಗಿಯೇ ಉಳಿಯಿತು. ಹಾಗಿದ್ದರೆ ಹೊಸದೇನು ಬಂದಿತು?

ಕಾಫಿಯ ನಾಡಿನವರಿಗೆ ಇದನ್ನು ತಿಳಿಸುವುದು ಸುಲಭ. ಕಾಫಿ ಪುಡಿಯಲ್ಲಿ ಬಿಸಿನೀರಿಗೆ ಕರಗಬಲ್ಲ ಸಾರ ತೂಕದಲ್ಲಿ ಸುಮಾರು ನೂರಕ್ಕೆ ಮೂವತ್ತು ಭಾಗ. ಹದವಾಗಿ ಇಳಿಸಿದ ಡಿಕಾಕ್ಷನ್ನಿನಲ್ಲಿ ಇಳಿಯುವುದು ಇಪ್ಪತ್ತರ ಆಸುಪಾಸು. ಉಳಿದದ್ದು ಪುಡಿಯಲ್ಲಿಯೇ ಕುಳಿತಿರುತ್ತದೆ. ಫಿಲ್ಮಿನಲ್ಲಿಯೂ ಹೀಗೆಯೇ. ಕ್ಯಾಮೆರಾದಲ್ಲಿದ್ದ ನೆಗೆಟಿವಿನಿಂದ ಒಂದು ಪ್ರತಿ, ಅದರಿಂದ ಇನ್ನೊಂದು ನೆಗೆಟಿವು, ಅದರಿಂದ ಚಿತ್ರಮಂದಿರಕ್ಕೆ ಹೋಗುವ ಪ್ರತಿ ಎಂದು ನಕಲು ಇಳಿಯುತ್ತ ಹೋಗುವಾಗ ಪ್ರತಿ ಮೆಟ್ಟಿಲಿನಲ್ಲಿಯೂ ಸೂಕ್ಷ್ಮ ವಿವರಗಳು ಸೋರಿಹೋಗುತ್ತವೆ. ನಮ್ಮ ತಾತಂದಿರು ಕಂಡ ಪ್ರತಿಯಲ್ಲಿ ಮೂಲ ನೆಗೆಟಿವಿನ ವಿವರದ ಅರ್ಧಭಾಗವೂ ಇದ್ದಿರಲಾರದು. ಹಳ್ಳಿಯ ಟೆಂಟಿಗೆ ಬರುವ ಹೊತ್ತಿಗೆ ಗೀಚು, ಧೂಳು, ತೇಪೆಗಳು ಬೇರೆ. 35 ಮಿಲಿಮೀಟರ್ ಫಿಲ್ಮಿನಲ್ಲಿ ಚಿತ್ರದ ಅಗಲ ಸುಮಾರು 22 ಮಿಲಿಮೀಟರು. ಅದನ್ನು 4,096 ಬಿಂದುಗಳಾಗಿ ಇಂದು ಅಳೆದರೆ ಒಂದೊಂದು ಬಿಂದುವೂ ಮಿಲಿಮೀಟರಿನ ಸಾವಿರದಲ್ಲಿ ಐದು ಭಾಗದಷ್ಟು ಕಿರಿದಾಗುತ್ತದೆ. ಚೆನ್ನಾಗಿ ತೆಗೆದ ನೆಗೆಟಿವಿನಲ್ಲಿ ಇಷ್ಟು ಸೂಕ್ಷ್ಮವಾದ ಅಳತೆಗೂ ಸಿಕ್ಕುವಂಥ ವಿವರ ಇರುತ್ತದೆ. ಹೀಗೆ ದೊರೆತ ಸ್ಪಷ್ಟತೆ ಊಹೆಯಲ್ಲ. 1977ರಲ್ಲಿ ಮಸೂರದ ಮೂಲಕ ಹಾದುಬಂದ ಬೆಳಕೇ ಅದು. ಇದುವರೆಗೆ ಯಾರೂ ಕಾಣದೆ ಇದ್ದದ್ದು.

ಮೂಲ ನೆಗೆಟಿವು ಸಿಕ್ಕದಿದ್ದರೆ? ಆಗ ಮೂರನೆಯ ಬಗೆ ತಲೆಯೆತ್ತುತ್ತದೆ. ‘4ಕೆ’ ಎಂಬ ಮೊಹರಿನೊಡನೆ ಬರುವ ಹಳೆಯ ಚಿತ್ರಗಳಲ್ಲಿ ಕೆಲವು ಡಿವಿಡಿಯಂಥ ಚಿಕ್ಕ ಪ್ರತಿಯನ್ನು ಹಿಗ್ಗಿಸಿ ಮಾಡಿದವು. ಡಿವಿಡಿಯ ಚೌಕಟ್ಟಿನಲ್ಲಿ 720ಕ್ಕೆ 576ರಂತೆ 4,14,720 ಬಿಂದುಗಳು. 4ಕೆ ಟೆಲಿವಿಷನ್ನಿನಲ್ಲಿ 3,840ಕ್ಕೆ 2,160ರಂತೆ 82,94,400. ಸರಿಯಾಗಿ ಇಪ್ಪತ್ತು ಪಟ್ಟು! ಅಂದರೆ ಇಪ್ಪತ್ತರಲ್ಲಿ ಒಂದು ಬಿಂದುವಿನಷ್ಟಕ್ಕೆ ಮಾತ್ರ ಆಧಾರವುಂಟು. ಹತ್ತೊಂಬತ್ತನ್ನು ಯಂತ್ರ ಕಲ್ಪಿಸಬೇಕು.

ಇದರ ಬೆಲೆಯನ್ನು ತಿಳಿಯಲು ನಮ್ಮ ತೋಟಗಳ ಮಳೆ ಲೆಕ್ಕವನ್ನು ನೆನೆದುಕೊಳ್ಳಬೇಕು. ಇಲ್ಲಿ ತೋಟ ತೋಟದಲ್ಲಿಯೂ ಮಳೆಮಾಪಕವಿದ್ದು ಬೆಳಗಾದರೆ ಇಂಚು-ಸೆಂಟುಗಳಲ್ಲಿ ಪುಸ್ತಕಕ್ಕೆ ಏರಿಸುವ ರೂಢಿಯಿದೆ. ಜುಲೈ ತಿಂಗಳ ಒಂದು ದಿನ ಮೂಡಿಗೆರೆಯ ಮಾಪಕದಲ್ಲಿ 2 ಇಂಚು, ಕಳಸದ ಮಾಪಕದಲ್ಲಿ 4 ಇಂಚು ಮಳೆ ಬಿದ್ದಿದೆಯೆಂದು ಭಾವಿಸೋಣ. ನಡುದಾರಿಯ ತೋಟದಲ್ಲಿ ಎಷ್ಟು? ಮೂರು ಇಂಚೆಂದು ಗಣಿತ ಹೇಳುತ್ತದೆ. ಬಯಲುಸೀಮೆಯಾಗಿದ್ದರೆ ಅದು ಒಪ್ಪತಕ್ಕ ಊಹೆಯೇ. ಆದರೆ ಘಟ್ಟದ ನೆತ್ತಿಯಿಂದ ಮೂಡಣಕ್ಕೆ ಬಂದಂತೆ ಮಳೆ ಸರ್ರನೆ ಇಳಿಯುವ ಈ ಸೀಮೆಯಲ್ಲಿ, ನಡುವೆ ಒಂದು ಗುಡ್ಡ ಅಡ್ಡ ನಿಂತಿದ್ದರೆ ಅದರ ಒಂದು ಮಗ್ಗುಲಲ್ಲಿ ಐದು ಇಂಚೂ ಇನ್ನೊಂದು ಮಗ್ಗುಲಲ್ಲಿ ಒಂದು ಇಂಚೂ ಬಿದ್ದಿರಬಹುದು. ಬಹುಕಾಲ ತೋಟದಲ್ಲಿದ್ದ ಅನುಭವಿ ರೈಟರು ಗುಡ್ಡದ ಓಟವನ್ನೂ ಗಾಳಿಯ ದಿಕ್ಕನ್ನೂ ಬಲ್ಲವರಾದ ಕಾರಣ ಇನ್ನೂ ಚೆನ್ನಾಗಿ ಊಹಿಸಿಯಾರು. ಕಲಿಕೆಯುಳ್ಳ ಗಣಕಕ್ರಮಗಳು ಈ ರೈಟರಂತೆ. ಅವರ ಊಹೆಗೆ ಮರ್ಯಾದೆಯುಂಟು. ಆದರೆ ಮಾಪಕವನ್ನೇ ಇಡದ ತೋಟದಲ್ಲಿ ಅಳೆದೆವೆಂದು ಪುಸ್ತಕದಲ್ಲಿ ಬರೆದರೆ ಅದು ಸುಳ್ಳು ಲೆಕ್ಕವಾಗುತ್ತದೆ.

ಈಗ ವಿಡಿಯೋ ಆಟಗಳಿಗೆ ಬರೋಣ. ಸಿನಿಮಾದ ಚಿತ್ರಕ್ಕೂ ಆಟದ ಚಿತ್ರಕ್ಕೂ ಒಂದು ಮೂಲಭೂತವಾದ ಭೇದವಿದೆ. ಸಿನಿಮಾದ ಚೌಕಟ್ಟು ಒಮ್ಮೆ ಸೆರೆಹಿಡಿದಿಟ್ಟದ್ದು. ಆಟದ ಚೌಕಟ್ಟನ್ನು ಯಂತ್ರ ಆಡುವ ಹೊತ್ತಿನಲ್ಲಿಯೇ ಲೆಕ್ಕಹಾಕಿ ಬರೆಯುತ್ತದೆ. ಬೆಟ್ಟ, ಮನೆ, ಮನುಷ್ಯ ಎಲ್ಲವೂ ಆಟದ ಕಡತದಲ್ಲಿ ತ್ರಿಕೋನಗಳ ಮೂಲೆಗಳ ನಿರ್ದೇಶಾಂಕಗಳಾಗಿ ಇರುತ್ತವೆ. ನಮ್ಮ ದೃಷ್ಟಿ ಎತ್ತ ತಿರುಗಿದರೆ ಅತ್ತಣ ತ್ರಿಕೋನಗಳನ್ನು ಪರದೆಯ ಮೇಲೆ ಬೀಳಿಸಿ, ಅವುಗಳಿಗೆ ಮೇಲ್ಮೈಯ ಚಿತ್ರಗಳನ್ನು ಅಂಟಿಸಿ, ಬೆಳಕಿನ ಲೆಕ್ಕ ಮಾಡಿ, ಸೆಕೆಂಡಿಗೆ ಮೂವತ್ತೋ ಅರುವತ್ತೋ ಬಾರಿ ಯಂತ್ರ ಹೊಸ ಚಿತ್ರವನ್ನು ರಚಿಸುತ್ತದೆ. 2000ದಲ್ಲಿ ಮಾರುಕಟ್ಟೆಗೆ ಬಂದ ಪ್ಲೇಸ್ಟೇಷನ್ 2 ಯಂತ್ರದ ಮುಖ್ಯ ಸ್ಮೃತಿ 32 ಮೆಗಾಬೈಟು, ಚಿತ್ರಕ್ಕೆಂದು ಮೀಸಲಾದದ್ದು 4 ಮೆಗಾಬೈಟು ಮಾತ್ರ. ಇಂದಿನ ಸಾಮಾನ್ಯ ಫೋನಿನ ಮುಂದೆ ಅದು ಏನೂ ಅಲ್ಲ. ಆದುದರಿಂದ ಅದೇ ಹಳೆಯ ನಿರ್ದೇಶಾಂಕಗಳನ್ನು ಇಂದಿನ ಯಂತ್ರಕ್ಕೆ ಕೊಟ್ಟು ಹೆಚ್ಚು ಬಿಂದುಗಳಲ್ಲಿ ಬರೆಯೆಂದರೆ, ಊಹೆಯ ಸೋಂಕಿಲ್ಲದೆ ಅಂಚುಗಳು ಚೂಪಾಗಿ ಬರುತ್ತವೆ. ನೆಗೆಟಿವಿನಿಂದ ಹೊಸ ಪ್ರತಿ ತೆಗೆದಂತೆಯೇ ಇದು ಪ್ರಾಮಾಣಿಕವಾದ ಕೆಲಸ. ಆದರೆ ಇದಕ್ಕೆ ತಗಲುವ ಶ್ರಮ ಅಲ್ಪ, ಫಲವೂ ಅಷ್ಟಕ್ಕಷ್ಟೇ. ಎಂಟು ಮೂಲೆಗಳಿಂದ ಮಾಡಿದ ಬಂಡಿಯ ಚಕ್ರ ಎಂಟು ಮೂಲೆಯದಾಗಿಯೇ ಉಳಿದು, ಮೊದಲಿಗಿಂತ ಸ್ಪಷ್ಟವಾಗಿ ಎಂಟು ಮೂಲೆಯದೆಂದು ಕಾಣುತ್ತದೆ!

ಒಂದು ಲಾಭವನ್ನು ಮಾತ್ರ ಇಲ್ಲಿ ಒಪ್ಪಲೇಬೇಕು. ಸೆಕೆಂಡಿಗೆ 30 ಚಿತ್ರಗಳಿದ್ದ ಆಟ 60 ಚಿತ್ರಗಳಿಗೆ ಏರಿದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಇರುವ ಅವಧಿ ಸೆಕೆಂಡಿನ ಸಾವಿರದಲ್ಲಿ 33 ಭಾಗಗಳಿಂದ 17ಕ್ಕೆ ಇಳಿಯುತ್ತದೆ. ಟೆಲಿವಿಷನ್ ತಾನಾಗಿ ಸಿನಿಮಾದ ಚೌಕಟ್ಟುಗಳ ನಡುವೆ ಸೇರಿಸುವ ಚೌಕಟ್ಟುಗಳು ಬರಿಯ ಊಹೆ. ಆಟದ ಹೊಸ ಚೌಕಟ್ಟಾದರೋ ಆಡುವವನ ಬೆರಳಿನ ಚಲನೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ಹುಟ್ಟಿದ್ದು. ಬೆರಳಿಗೂ ಪರದೆಗೂ ನಡುವಣ ವಿಳಂಬ ಕಡಮೆಯಾದುದು ಕೈಗೇ ತಿಳಿಯುತ್ತದೆ.

ಊಹೆಯನ್ನು ನೆಚ್ಚಿದರೆ ಏನಾಗುವುದೆಂಬುದಕ್ಕೆ ‘ಗ್ರ್ಯಾಂಡ್ ಥೆಫ್ಟ್ ಆಟೋ’ ಎಂಬ ಆಟಗಳ ಕಥೆ ಒಳ್ಳೆಯ ಪಾಠ. (ಇವು ವಯಸ್ಕರಿಗೆಂದು ನಿಗದಿಯಾದ ಆಟಗಳು, ಶಾಲೆಯ ಹುಡುಗರು ಆಡಲೆಂದು ನಾವು ಇವನ್ನು ಹೆಸರಿಸುತ್ತಿಲ್ಲ.) 2001, 2002, 2004ರಲ್ಲಿ ಬಂದ ಮೂರು ಆಟಗಳನ್ನು ಒಟ್ಟುಗೂಡಿಸಿ 2021ರ ನವೆಂಬರಿನಲ್ಲಿ 60 ಡಾಲರುಗಳ ಪೂರ್ಣ ಬೆಲೆಗೆ ಮತ್ತೆ ಮಾರಿದರು. ಹಳೆಯ ಮಸುಕು ಚಿತ್ರಗಳನ್ನು ಹಿಗ್ಗಿಸುವ ಕೆಲಸವನ್ನು ಬಹುಮಟ್ಟಿಗೆ ಗಣಕಕ್ರಮಕ್ಕೆ ಬಿಟ್ಟಿದ್ದರು. ಅಂಗಡಿಗಳ ಫಲಕಗಳ ಮೇಲಿದ್ದ ಅಕ್ಷರಗಳನ್ನು ಅದು ಓದಲಾರದೆ ಚೂಪುಮಾಡಿದುದರಿಂದ ಕಾಗುಣಿತ ತಪ್ಪಿದ ಫಲಕಗಳು ಹುಟ್ಟಿದುವು. ಒಂದು ತಿಂಡಿಯಂಗಡಿಯ ಮಾಡಿನ ಮೇಲೆ ಬೋಲ್ಟಿಗೆ ಹಾಕುವ ಆರು ಮೂಲೆಯ ನಟ್ಟಿನ ದೊಡ್ಡ ಆಕೃತಿಯಿತ್ತು. ಹೊಸ ಪ್ರತಿಯಲ್ಲಿ ಅದರ ಮೂಲೆಗಳನ್ನು ಒರಟುತನವೆಂದು ಬಗೆದು ಉಜ್ಜಿ ಗುಂಡಗೆ ಮಾಡಿಬಿಟ್ಟಿದ್ದರು! ಮಾಪಕವಿಲ್ಲದ ತೋಟದ ಮಳೆ ಲೆಕ್ಕ ಎಂದದ್ದು ಇದನ್ನೇ.

ಅದಕ್ಕಿಂತಲೂ ರಸವತ್ತಾದುದು ಮಂಜಿನ ಸಂಗತಿ. ಹಳೆಯ ಯಂತ್ರಕ್ಕೆ ದೂರದ ವಸ್ತುಗಳನ್ನೆಲ್ಲ ಬರೆಯುವ ಶಕ್ತಿಯಿಲ್ಲದೆ ಇದ್ದುದರಿಂದ 2004ರ ಆಟವನ್ನು ಮಾಡಿದವರು ದೂರವನ್ನು ಮಬ್ಬಿನಲ್ಲಿ ಮುಚ್ಚಿದ್ದರು. ಹೊಸ ಯಂತ್ರಕ್ಕೆ ಆ ಕೊರತೆಯಿಲ್ಲವೆಂದು ಮಬ್ಬನ್ನು ತೆಗೆದುಹಾಕಿದಾಗ, ವಿಶಾಲವಾಗಿ ತೋರುತ್ತಿದ್ದ ಪ್ರದೇಶ ಅಂಗೈಯಗಲಕ್ಕೆ ಕುಗ್ಗಿತು. ಒಂದು ಬೆಟ್ಟದ ಮೇಲೆ ನಿಂತರೆ ಮೂರು ನಗರಗಳೂ ಒಟ್ಟಿಗೆ ಕಣ್ಣಿಗೆ ಬೀಳುವಂತಾಯಿತು. ಚಾರ್ಮಾಡಿಯ ತಿರುವುಗಳಲ್ಲಿ ಮಂಜು ಮುಸುಕಿದಾಗ ಕಣಿವೆಗೆ ತಳವೇ ಇಲ್ಲವೆನ್ನಿಸುವುದನ್ನು ಬಲ್ಲ ನಮ್ಮವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ದೂರದ ವಸ್ತು ಮಬ್ಬಾಗಿ ಕಾಣುವುದು ನಡುವಣ ಗಾಳಿ ಬೆಳಕನ್ನು ಚದರಿಸುವುದರಿಂದ. ಆ ಮಬ್ಬಿನ ಪ್ರಮಾಣದಿಂದಲೇ ಕಣ್ಣು ದೂರವನ್ನು ಅಳೆಯುತ್ತದೆ. ಯಂತ್ರದ ದೌರ್ಬಲ್ಯಕ್ಕಾಗಿ ಹೂಡಿದ ಉಪಾಯ ಪ್ರಕೃತಿಯ ನಿಯಮಕ್ಕೆ ಹತ್ತಿರವಾಗಿದ್ದಿತು. ಕೊನೆಗೆ 2024ರ ನವೆಂಬರಿನಲ್ಲಿ ಮಬ್ಬನ್ನು ಮರಳಿಸಿದರು. ಮಾರಿದ ತಿಂಗಳಿನಲ್ಲಿಯೇ ಆಟದ ಸ್ಥಿತಿಗಾಗಿ ಕಂಪನಿ ಗಿರಾಕಿಗಳ ಕ್ಷಮೆಯನ್ನೂ ಕೇಳಬೇಕಾಗಿತ್ತು.

‘ಶ್ಯಾಡೋ ಆಫ್ ದ ಕೊಲೊಸಸ್’ ಎಂಬ ಆಟದ ಚರಿತ್ರೆ ಬೇರೆ ತೆರನಾದುದು. 2005ರಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ ಬಂದ ಇದನ್ನು 2011ರಲ್ಲಿ ಹೊಳಪುಗೊಳಿಸಿ ಹೊರತಂದರು. ಅದು ಮೇಲೆ ಹೇಳಿದ ಎಂಟು ಮೂಲೆಯ ಚಕ್ರದ ಬಗೆ. 2018ರಲ್ಲಿಯಾದರೋ ಬೆಟ್ಟ, ಹುಲ್ಲು, ರಾಕ್ಷಸಾಕೃತಿಗಳ ಮೈಗೂದಲು ಮುಂತಾಗಿ ಕಾಣುವುದೆಲ್ಲವನ್ನೂ ಕಲಾವಿದರು ಹೊಸದಾಗಿ ನಿರ್ಮಿಸಿದರು. ಆಟದ ನಡೆ ಮಾತ್ರ ಹಳೆಯದು. ಮೂರನೆಯ ಬಗೆಯ, ಎಂದರೆ ಹೊಸ ನಿರ್ಮಾಣದ ಈ ಪ್ರತಿಯ ಬೆಲೆ 40 ಡಾಲರು. ಹೊಸದಾಗಿ ಕಟ್ಟಿದ್ದಕ್ಕೆ 40, ಯಂತ್ರಕ್ಕೆ ಉಜ್ಜಲು ಕೊಟ್ಟದ್ದಕ್ಕೆ 60! ಆಟಗಳ ಸಂಖ್ಯೆ ಒಂದೆಡೆ ಒಂದು, ಇನ್ನೊಂದೆಡೆ ಮೂರು ಎಂಬುದನ್ನು ಗಣಿಸಿದರೂ, ಬೆಲೆಯೆಂಬುದು ಶ್ರಮವನ್ನು ಅನುಸರಿಸುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಷ್ಟೆಲ್ಲ ಬಿಂದುಗಳನ್ನು ಕೊಂಡುಕೊಂಡರೂ ಅವನ್ನು ನೋಡಬಲ್ಲೆವೇ ಎಂಬುದು ಇನ್ನೊಂದು ಮಾತು. ಆರೋಗ್ಯವಂತ ಕಣ್ಣು ಡಿಗ್ರಿಯ ಅರುವತ್ತನೆಯ ಒಂದು ಭಾಗಕ್ಕಿಂತ ಕಿರಿದಾದ ಕೋನದಲ್ಲಿರುವ ಎರಡು ಬಿಂದುಗಳನ್ನು ಬೇರೆ ಬೇರೆಯೆಂದು ಗುರುತಿಸಲಾರದು. ಎರಡೂವರೆ ಮೀಟರ್ ದೂರದಲ್ಲಿ ಇದು 0.73 ಮಿಲಿಮೀಟರಿಗೆ ಸಮ. 43 ಇಂಚಿನ ಟೆಲಿವಿಷನ್ನಿನ ಪರದೆಯ ಅಗಲ ಸುಮಾರು 95 ಸೆಂಟಿಮೀಟರು. ಅದನ್ನು 1,920 ಬಿಂದುಗಳಾಗಿ ಹಂಚಿದರೆ ಒಂದೊಂದೂ 0.5 ಮಿಲಿಮೀಟರು. ಎಂದರೆ ಕಣ್ಣಿನ ಮಿತಿ ಆಗಲೇ ದಾಟಿಹೋಯಿತು! ಅದೇ ಪರದೆಯಲ್ಲಿ 3,840 ಬಿಂದುಗಳನ್ನು ತುಂಬಿದರೆ ಅಷ್ಟು ದೂರ ಕುಳಿತವನಿಗೆ ದೊರಕುವುದು ಪೆಟ್ಟಿಗೆಯ ಮೇಲಣ ಅಂಕ ಮಾತ್ರ. ಚಿತ್ರಮಂದಿರದ ಲೆಕ್ಕ ಹೀಗಲ್ಲ. ಹನ್ನೆರಡು ಮೀಟರ್ ಅಗಲದ ತೆರೆಯನ್ನು ಹದಿನೈದು ಮೀಟರ್ ದೂರದಿಂದ ನೋಡುವವನ ಕಣ್ಣಿನ ಮಿತಿ 4.4 ಮಿಲಿಮೀಟರು. 2,048 ಬಿಂದುಗಳಿದ್ದರೆ ಒಂದೊಂದೂ 5.9 ಮಿಲಿಮೀಟರ್ ಆಗುವುದರಿಂದ ಕಣ್ಣಿಗೆ ಇನ್ನೂ ಅವಕಾಶವಿದೆ. 4,096 ಇದ್ದರೆ ವ್ಯತ್ಯಾಸ ಕಂಡೇ ಕಾಣುತ್ತದೆ. ‘ಘಟಶ್ರಾದ್ಧ’ದಂಥ ಚಿತ್ರದ ಹೊಸ ಪ್ರತಿಯನ್ನು ಫೋನಿನಲ್ಲಿ ನೋಡಿದವನು ಅದರ ಜೀರ್ಣೋದ್ಧಾರದ ಬಹುಭಾಗವನ್ನು ನೋಡಲೇ ಇಲ್ಲವೆನ್ನಬೇಕು.

ಈಗ ಬೆಲೆಯ ಪ್ರಶ್ನೆ. ಮೂಲ ನೆಗೆಟಿವಿನಿಂದ ಜೀರ್ಣೋದ್ಧಾರಗೊಂಡ ಚಿತ್ರಕ್ಕೆ ಹೊಸ ಚಿತ್ರದ ಟಿಕೆಟಿನ ದರವನ್ನೇ ಕೊಡುವುದು ನ್ಯಾಯವೆಂದು ನಾವು ಭಾವಿಸುತ್ತೇವೆ. ಕಾಲ ಕಳೆದಂತೆ ನೆಗೆಟಿವು ಹಾಳಾಗುತ್ತ ಹೋಗುತ್ತದೆ. 1934ರಲ್ಲಿ ಬಂದ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಅಡಿಯಿಂದ ಮುಡಿಯವರೆಗೆ ಹೊಸದಾಗಿ ಕಟ್ಟಿದ ಆಟಕ್ಕೂ ಪೂರ್ಣ ಬೆಲೆ ಸಲ್ಲುತ್ತದೆ. ವರ್ಣಲೇಪಿತ ಚಿತ್ರಕ್ಕೆ ಅದರ ಕಲಾವಿದರ ಕೆಲಸವನ್ನು ನೋಡುವ ಆಸೆಯಿದ್ದವರು ಸಂತೋಷವಾಗಿ ಕೊಡಲಿ. ಬರಿಯ ಹಿಗ್ಗಿಸಿದ ಪ್ರತಿಗೆ ಅರ್ಧ ಬೆಲೆಯೂ ಹೆಚ್ಚಾಯಿತು.

ಇದಕ್ಕೆ ಒಂದು ಆಕ್ಷೇಪಣೆ ಬರಬಹುದು. ‘ಕಸ್ತೂರಿ ನಿವಾಸ’ವನ್ನು ಎಂದೂ ನೋಡದ ಹದಿನೇಳರ ಹುಡುಗಿಗೆ ಅದು ಹೊಸ ಚಿತ್ರವೇ ತಾನೇ? ಅವಳು ಪಡೆಯುವ ಆನಂದದಲ್ಲಿ ವರ್ಷಗಳ ಲೆಕ್ಕವನ್ನು ಕಳೆಯುವುದು ಹೇಗೆ? ಈ ಆಕ್ಷೇಪಣೆಯಲ್ಲಿ ಹುರುಳಿದೆ. ಹೊಸಬನಿಗೆ ಒಂದು ಬೆಲೆ, ಹಿಂದೆಯೇ ಹಣ ತೆತ್ತವನಿಗೆ ಒಂದು ಬೆಲೆ ಎಂಬ ಏರ್ಪಾಡು ಇದಕ್ಕೆ ತಕ್ಕ ಉತ್ತರ. ಇದು ನಡೆಯಲಾಗದ್ದೇನೂ ಅಲ್ಲ. ‘ದ ಲಾಸ್ಟ್ ಆಫ್ ಅಸ್’ ಎಂಬ ಆಟದ ಎರಡನೆಯ ಭಾಗವನ್ನು 2024ರ ಜನವರಿಯಲ್ಲಿ ಹೊಳಪುಗೊಳಿಸಿ ತಂದಾಗ ಹೊಸಬರಿಗೆ 50 ಡಾಲರು, ಹಳೆಯ ಪ್ರತಿಯುಳ್ಳವರಿಗೆ 10 ಡಾಲರು ಎಂದು ಗೊತ್ತುಮಾಡಿದ್ದರು. ಅದೇ ಆಟದ ಮೊದಲ ಭಾಗಕ್ಕೆ ಈ ಔದಾರ್ಯವಿರಲಿಲ್ಲ. 2013ರ ಆ ಆಟ 2014ರಲ್ಲಿ ಒಮ್ಮೆ ಹೊಳಪು ಪಡೆದು, 2022ರಲ್ಲಿ ಮತ್ತೆ ಕಟ್ಟಲ್ಪಟ್ಟು, 70 ಡಾಲರಿಗೆ ಮಾರಾಟವಾಯಿತು.

ಬೆಲೆಗಿಂತಲೂ ನಮ್ಮನ್ನು ಹೆಚ್ಚಾಗಿ ಕಾಡುವ ವಿಷಯ ಮತ್ತೊಂದಿದೆ. 2021ರಲ್ಲಿ ಮೇಲೆ ಹೇಳಿದ ಮೂರು ಆಟಗಳ ಹೊಸ ಪ್ರತಿ ಬರುವ ಮುನ್ನವೇ ಹಳೆಯ ಪ್ರತಿಗಳನ್ನು ಅಂತರ್ಜಾಲದ ಮಳಿಗೆಗಳಿಂದ ತೆಗೆದುಹಾಕಿದ್ದರು. ಜನರು ಕೂಗೆಬ್ಬಿಸಿದ ಮೇಲೆ ಗಣಕಯಂತ್ರದ ಪ್ರತಿಗಳನ್ನು ತಮ್ಮ ಮಳಿಗೆಯಲ್ಲಿ ಮರಳಿ ಇಟ್ಟರು. ಪ್ರಯೋಗಶಾಲೆಯಲ್ಲಿ ಯಾವ ಅಳತೆಯನ್ನಾದರೂ ಪರೀಕ್ಷಿಸಬೇಕಾದರೆ ಮೂಲಮಾನವೊಂದು ಕೈಗೆ ಸಿಗುವಂತಿರಬೇಕು. ನಟ್ಟು ಆರು ಮೂಲೆಯದಾಗಿತ್ತೆಂದು ತಿಳಿದದ್ದು ಹಳೆಯ ಪ್ರತಿಯನ್ನು ಉಳಿಸಿಕೊಂಡಿದ್ದವರಿಂದ. ಮೂಲವನ್ನು ಅಡಗಿಸಿ ಮಾರುವ ಹೊಸ ಪ್ರತಿ ಎಷ್ಟೇ ಸೊಗಸಾಗಿರಲಿ, ಅದಕ್ಕೆ ಪೂರ್ಣ ಬೆಲೆ ಕೊಡಬಾರದೆಂದೇ ನಮ್ಮ ಮತ.

ಹಣ ಕೊಡುವ ಮೊದಲು ವಿದ್ಯಾರ್ಥಿಗಳು ತಾವೇ ಒಂದು ಪರೀಕ್ಷೆ ಮಾಡಬಹುದು. ಹಳೆಯ ಪ್ರತಿಯಿಂದ ಒಂದು ಸ್ಥಿರಚಿತ್ರವನ್ನೂ ಹೊಸದರಿಂದ ಅದೇ ಕ್ಷಣದ ಸ್ಥಿರಚಿತ್ರವನ್ನೂ ತೆಗೆದು ಪಕ್ಕಪಕ್ಕದಲ್ಲಿ ಇಡಬೇಕು. ಮುಖವನ್ನು ನೋಡಬಾರದು, ನುಣುಪಾದ ಮುಖ ಎಲ್ಲರನ್ನೂ ಮರುಳುಮಾಡುತ್ತದೆ. ಹಿನ್ನೆಲೆಯ ಫಲಕದ ಅಕ್ಷರ, ಬಟ್ಟೆಯ ನೇಯ್ಗೆ, ದೂರದ ಮರದ ಎಲೆಗಳನ್ನು ನೋಡಬೇಕು. ಮೊದಲು ಓದಲಾಗದೆ ಇದ್ದ ಅಕ್ಷರ ಈಗ ಸರಿಯಾಗಿ ಓದಿಬಂದರೆ ಮೂಲದಿಂದ ಹೊಸ ವಿವರ ದೊರೆತಿದೆಯೆಂದು ತಿಳಿಯಬಹುದು. ಅಂಚು ಚೂಪಾಗಿದ್ದು ಅಕ್ಷರ ಮಾತ್ರ ಯಾವ ಭಾಷೆಯದೂ ಅಲ್ಲದಂತೆ ಕಂಡರೆ ಅದು ಯಂತ್ರದ ಊಹೆ.